4ಕೆ ಪರದೆಯಲ್ಲಿ ನೊಟೇಶನ್ ಸಾಫ್ಟ್‌ವೇರ್ ತೆವಳುತ್ತಿದೆಯಾ? ಕಾರಣ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ನೊಟೇಶನ್ ಸಾಫ್ಟ್‌ವೇರ್ ಅಂದರೆ ಸಂಗೀತವನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆಯುವ ಸಾಫ್ಟ್‌ವೇರ್; ಸಿಬೆಲಿಯಸ್, ಡೊರಿಕೊ, ಫಿನಾಲೆ, ಮ್ಯೂಸ್‌ಸ್ಕೋರ್ ಇಂಥವು. ಅದರಲ್ಲಿ ಬರೆದ ಸ್ಕೋರನ್ನು, ಅಂದರೆ ಸ್ವರಲಿಪಿಯ ಹಾಳೆಯನ್ನು, 4ಕೆ ಮಾನಿಟರ್‌ನಲ್ಲಿ ನೋಡುವುದೇ ಒಂದು ಖುಷಿ. ಸ್ಟಾಫ್ ಗೆರೆಗಳು (ನೋಟ್‌ಗಳು ಕೂರುವ ಐದೈದು ಅಡ್ಡ ಗೆರೆಗಳು) ಕೂದಲೆಳೆಯಷ್ಟು ತೆಳ್ಳಗೆ ಕಾಣುತ್ತವೆ, ಸ್ಲರ್‌ಗಳ (ನೋಟ್‌ಗಳನ್ನು ಜೋಡಿಸುವ ಬಾಗು ಗೆರೆಗಳ) ತುದಿ ಚೂಪಾಗಿರುತ್ತದೆ, ಅಚ್ಚಾದ ಪುಸ್ತಕವೇ ಮುಂದಿದ್ದ ಹಾಗಿರುತ್ತದೆ. ತೊಂದರೆ ಶುರುವಾಗುವುದು ಪುಟ ಸರಿಸಿದಾಗ. ಮೌಸ್ ಎಳೆದು ಅರ್ಧ ಸೆಕೆಂಡ್ ಆದ ಮೇಲೆ ಪುಟ ಜರುಗುತ್ತದೆ. ಕೀಲಿ ಒತ್ತಿದರೆ ನೋಟ್ ತಡವಾಗಿ ಮೂಡುತ್ತದೆ. ಪ್ಲೇ ಮಾಡಿದರೆ ಕರ್ಸರ್ ಕುಪ್ಪಳಿಸಿಕೊಂಡು ಹೋಗುತ್ತದೆ. ಅದೇ ಕಂಪ್ಯೂಟರ್, ಅದೇ ಫೈಲ್, ಹಳೆಯ ಮಾನಿಟರ್‌ನಲ್ಲಿ ಸಲೀಸಾಗಿ ಓಡುತ್ತಿತ್ತು.

ಇಂಥ ಹೊತ್ತಲ್ಲಿ ಬಹಳ ಜನರಿಗೆ ಮೊದಲು ಹೊಳೆಯುವುದು ಹೊಸ ಗ್ರಾಫಿಕ್ಸ್ ಕಾರ್ಡ್. ದುಡ್ಡು ಬಿಚ್ಚುವ ಮುಂಚೆ ಸ್ವಲ್ಪ ತಡೆಯಿರಿ. ಈ ನಿಧಾನಕ್ಕೆ ಮೂರು ಬೇರೆ ಬೇರೆ ಮೂಲಗಳಿರಬಹುದು. ಒಂದು, ಪರದೆಯ ಮೇಲೆ ಚಿತ್ರ ಬಿಡಿಸುವ ಕೆಲಸ. ಎರಡು, ಯಾವ ನೋಟ್ ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕುವ ಲೇಔಟ್ ಕೆಲಸ. ಮೂರು, ಸದ್ದು ಹೊರಡಿಸುವ ಕೆಲಸ. ನೋಡುವವರಿಗೆ ಮೂರೂ ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ಬೇರೆ ಬೇರೆ. ಯಾವುದು ಅಂತ ಗೊತ್ತಿಲ್ಲದೆ ಸುಮ್ನೆ ಒಂದೊಂದೇ ಸೆಟ್ಟಿಂಗ್ ತಿರುಗಿಸುತ್ತಾ ಕೂತರೆ ಸಂಜೆ ಕಳೆಯುತ್ತದೆ, ಸ್ಕೋರ್ ಮಾತ್ರ ಮುಂದೆ ಹೋಗುವುದಿಲ್ಲ.

ಪರದೆ ಚೂಪಾದರೆ ಕೆಲಸ ಯಾಕೆ ಹೆಚ್ಚುತ್ತದೆ?

ಫುಲ್ ಎಚ್‌ಡಿ ಪರದೆ ಅಂದರೆ 1920×1080. ಅದರಲ್ಲಿರುವುದು ಸುಮಾರು 20.7 ಲಕ್ಷ ಪಿಕ್ಸೆಲ್. 4ಕೆ ಅಂದರೆ 3840×2160, ಸುಮಾರು 83 ಲಕ್ಷ. ಸರಿಯಾಗಿ ನಾಲ್ಕು ಪಟ್ಟು. 5ಕೆ ಪರದೆ 5120×2880, ಸುಮಾರು 1.47 ಕೋಟಿ, ಅಂದರೆ ಏಳು ಪಟ್ಟು. ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ ಲೆಕ್ಕ ಹಾಕಿದರೆ 4ಕೆ ಪರದೆಯ ಒಂದೇ ಒಂದು ಚಿತ್ರಕ್ಕೆ 33 ಎಂಬಿ ಬೇಕು. ಸೆಕೆಂಡಿಗೆ 60 ಸಲ ಹೊಸದಾಗಿ ಬಿಡಿಸಿದರೆ ಸುಮಾರು 2 ಜಿಬಿ ಓಡಾಡಬೇಕು.

"ನಾನು ಅದೇ ಪರದೆಯಲ್ಲಿ 4ಕೆ ವಿಡಿಯೊ ನೋಡುತ್ತೇನೆ, ಅದು ಒಂದು ಚೂರೂ ತಡವರಿಸುವುದಿಲ್ಲವಲ್ಲ?" ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ವಿಡಿಯೊ ಬಿಡಿಸಲು ಗ್ರಾಫಿಕ್ಸ್ ಚಿಪ್‌ನೊಳಗೆ ಅದಕ್ಕೆಂದೇ ಒಂದು ಭಾಗ ಇರುತ್ತದೆ. ಸ್ಕೋರ್‌ಗೆ ಆ ಅನುಕೂಲ ಇಲ್ಲ. ಸ್ಕೋರ್ ಅನ್ನುವುದು ಮೊದಲೇ ತಯಾರಾದ ಚಿತ್ರ ಅಲ್ಲ, ಬಹುಪಾಲು ಚಿಹ್ನೆಗಳು ಒಂದು ಫಾಂಟ್‌ನ ಅಕ್ಷರಗಳು. ಡೊರಿಕೊದ ಬ್ರಾವುರಾ, ಮ್ಯೂಸ್‌ಸ್ಕೋರ್‌ನ ಲೀಲ್ಯಾಂಡ್ ಇಂಥ ಸಂಗೀತ ಫಾಂಟ್‌ಗಳು. ಸ್ಟಾಫ್‌ನ ಶುರುವಿನಲ್ಲಿ ಬರುವ ಸುರುಳಿ ಚಿಹ್ನೆ ಟ್ರೆಬಲ್ ಕ್ಲೆಫ್ ಒಂದನ್ನೇ ನೋಡಿ, ಅದೆಷ್ಟು ಬಾಗು, ಅದೆಷ್ಟು ತಿರುವು! ಆ ಬಾಗುಗಳ ಗಣಿತದಿಂದ ಅಂಚು ಎಲ್ಲಿ ಹಾದುಹೋಗುತ್ತದೆ ಅಂತ ಕಂಡುಹಿಡಿಯಬೇಕು. ಒಳಗಿನ ಜಾಗ ತುಂಬಬೇಕು. ಅಂಚಿನ ಪಿಕ್ಸೆಲ್‌ಗಳಿಗೆ ಎಷ್ಟು ಕಪ್ಪು, ಎಷ್ಟು ಬೂದು ಅಂತ ತೂಗಬೇಕು. ಈ ಕೊನೆಯ ಕೆಲಸಕ್ಕೆ ಆ್ಯಂಟಿ-ಏಲಿಯಾಸಿಂಗ್ ಅನ್ನುತ್ತಾರೆ. ಅನೇಕ ನೊಟೇಶನ್ ಸಾಫ್ಟ್‌ವೇರ್‌ಗಳಲ್ಲಿ ಇದರ ಬಹುಪಾಲು ಭಾರ ಬೀಳುವುದು ಗ್ರಾಫಿಕ್ಸ್ ಚಿಪ್ ಮೇಲೆ ಅಲ್ಲ, ಸಿಪಿಯು ಮೇಲೆ. ಅದರಲ್ಲೂ ಹೆಚ್ಚಾಗಿ ಒಂದೇ ಕೋರ್ ಮೇಲೆ (ಕೋರ್ ಅಂದರೆ ಸಿಪಿಯು ಒಳಗೆ ಲೆಕ್ಕ ಮಾಡುವ ಒಂದೊಂದು ಘಟಕ).

ಒಂದು ನೋಟ್ ತಲೆಯನ್ನು ಹತ್ತಿರದಿಂದ ನೋಡೋಣ. ಹಳೆಯ ಪರದೆಯಲ್ಲಿ ಎರಡು ಸ್ಟಾಫ್ ಗೆರೆಗಳ ನಡುವೆ 10 ಪಿಕ್ಸೆಲ್ ಇತ್ತು ಅನ್ನಿ. ಆಗ ಕಪ್ಪು ನೋಟ್ ತಲೆಗೆ ಸುಮಾರು 12×10, ಅಂದರೆ 120 ಪಿಕ್ಸೆಲ್‌ನ ಜಾಗ ಸಾಕು. ಅದೇ ಅಳತೆಯಲ್ಲಿ 4ಕೆ ಪರದೆಯ ಮೇಲೆ ಕಾಣಬೇಕಾದರೆ 24×20, ಅಂದರೆ 480. ಒಂದು ನೋಟ್‌ಗೆ ಇದೇನೂ ಲೆಕ್ಕಕ್ಕಿಲ್ಲ. ಆದರೆ ಆರ್ಕೆಸ್ಟ್ರಾ ಸ್ಕೋರ್‌ನ 24 ಸ್ಟಾಫ್ ಇರುವ ಪುಟದಲ್ಲಿ ಬರೀ ಗೆರೆಗಳೇ 120 ಆಗುತ್ತವೆ. ಅದರ ಮೇಲೆ ನೂರಾರು ನೋಟ್, ಬೀಮ್ (ನೋಟ್‌ಗಳ ಕಡ್ಡಿಗಳನ್ನು ಸೇರಿಸುವ ದಪ್ಪ ಗೆರೆ), ಸ್ಲರ್, ಡೈನಾಮಿಕ್ಸ್ (ಜೋರು, ಮೆಲ್ಲಗೆ ಅನ್ನುವ ಗುರುತುಗಳು). ದೊಡ್ಡ ಪರದೆ ಸಿಕ್ಕಿತು ಅಂತ ಎರಡು ಪುಟ ಒಟ್ಟಿಗೆ ತೆರೆದಿಟ್ಟರೆ ಇಷ್ಟೂ ಎರಡು ಪಟ್ಟು. 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆಯಲ್ಲಿ ಇಷ್ಟನ್ನು ಮುಗಿಸಲು ಸಿಗುವ ಸಮಯ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಆ ಫ್ರೇಮ್, ಅಂದರೆ ಆ ಒಂದು ಸಲದ ಚಿತ್ರ, ತಪ್ಪಿಹೋಗುತ್ತದೆ. ನಮ್ಮ ಕಣ್ಣಿಗೆ ಅದೇ ತಡವರಿಕೆಯಾಗಿ ಕಾಣುತ್ತದೆ.

ಹಂತ 1: ಮೊದಲು ಪತ್ತೆ, ಆಮೇಲೆ ಮದ್ದು

ಅತ್ಯಂತ ಸುಲಭದ ಪರೀಕ್ಷೆ ಇದು. ನಿಧಾನವಾಗಿರುವ ಫೈಲ್ ತೆರೆಯಿರಿ. ಜೂಮ್ ಮುಟ್ಟಬೇಡಿ. ವಿಂಡೊವನ್ನು ಮಾತ್ರ ಚಿಕ್ಕದು ಮಾಡಿ, ಪರದೆಯ ಕಾಲು ಭಾಗದಷ್ಟು. ಈಗ ಪುಟ ಸರಿಸಿ ನೋಡಿ.

ಸಲೀಸಾಗಿ ಸರಿಯುತ್ತಿದೆಯಾ? ಹಾಗಾದರೆ ಕಾರಣ ಪಿಕ್ಸೆಲ್. ಮುಂದಿನ ನಾಲ್ಕು ಹಂತಗಳು ನಿಮಗಾಗಿಯೇ ಇವೆ. ಚಿಕ್ಕ ವಿಂಡೊದಲ್ಲೂ ಅಷ್ಟೇ ತೆವಳುತ್ತಿದ್ದರೆ ಪರದೆಯನ್ನು ಬೈದು ಪ್ರಯೋಜನ ಇಲ್ಲ. ಲೇಔಟ್ ಅಥವಾ ಸದ್ದಿನ ಕಡೆ ಹೋಗಿ, ಅಂದರೆ ಹಂತ 6 ಮತ್ತು 7.

ಇನ್ನೊಂದು ಪರೀಕ್ಷೆ. ಪುಟ ಸರಿಸುವಾಗ ಆರಾಮಾಗಿದ್ದು, ನೋಟ್ ಸೇರಿಸುವಾಗ ಮಾತ್ರ ತಡವಾಗುತ್ತಿದ್ದರೆ ಅನುಮಾನ ಲೇಔಟ್ ಮೇಲೆ ಬರಬೇಕು. ಖಾತ್ರಿ ಮಾಡಿಕೊಳ್ಳಲು ಉದ್ದದ ಸ್ಕೋರ್‌ನ ಮೊದಲ ಬಾರ್‌ನಲ್ಲಿ (ಎರಡು ಲಂಬ ಗೆರೆಗಳ ನಡುವಿನ ಒಂದು ಭಾಗ) ಒಂದು ನೋಟ್ ಬದಲಿಸಿ, ಆಮೇಲೆ ಕೊನೆಯ ಬಾರ್‌ನಲ್ಲಿ ಬದಲಿಸಿ. ಮೊದಲನೆಯದು ನಿಧಾನ, ಕೊನೆಯದು ಬೇಗ ಆದರೆ ಲೇಔಟೇ ಕಾರಣ. ಮೊದಲ ಬಾರ್ ಅಗಲವಾದರೆ ಮುಂದಿನ ಸಾಲುಗಳೆಲ್ಲ ಜರುಗಬೇಕಾಗಬಹುದು. ಕೊನೆಯ ಬಾರ್‌ನ ಮುಂದೆ ಜರುಗಲು ಏನೂ ಇರುವುದಿಲ್ಲ.

ಕೆಲವು ನಿಮಿಷಕ್ಕೊಮ್ಮೆ ಎಲ್ಲವೂ ಒಂದು ಕ್ಷಣ ಗಕ್ಕನೆ ನಿಂತು ಮತ್ತೆ ಓಡುತ್ತದೆಯಾ? ಬಹುಶಃ ಅದು ಆಟೊಸೇವ್. ದೊಡ್ಡ ಫೈಲ್ ಆದರೆ, ಅದರಲ್ಲೂ ಫೈಲ್ ಕ್ಲೌಡ್ ಜೊತೆ ಸಿಂಕ್ ಆಗುವ ಫೋಲ್ಡರ್‌ನಲ್ಲಿದ್ದರೆ, ಹೀಗಾಗುವುದು ಜಾಸ್ತಿ. ಆಟೊಸೇವ್ ಪೂರ್ತಿ ನಿಲ್ಲಿಸಬೇಡಿ. ಅದರ ಅಂತರ ಸ್ವಲ್ಪ ಹೆಚ್ಚಿಸಿ, ಫೈಲನ್ನು ಬೇರೆ ಫೋಲ್ಡರ್‌ಗೆ ತನ್ನಿ, ಸಾಕು.

ಈಗ ಅಂಕಿ ನೋಡೋಣ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಸ್ಕೋರನ್ನು ಅತ್ತಿತ್ತ ಎಳೆಯಿರಿ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. "ಸಿಪಿಯು ಬರೀ 13 ಪರ್ಸೆಂಟ್ ತೋರಿಸ್ತಿದೆ, ಅದೇನೂ ಸುಸ್ತಾಗಿಲ್ಲ" ಅಂದುಕೊಳ್ಳುತ್ತಾರೆ. ಟಾಸ್ಕ್ ಮ್ಯಾನೇಜರ್ ತೋರಿಸುವುದು ಎಲ್ಲ ಕೋರ್‌ಗಳನ್ನೂ ಸೇರಿಸಿದ ಲೆಕ್ಕ. ಎಂಟು ಲಾಜಿಕಲ್ ಪ್ರೊಸೆಸರ್ (ವಿಂಡೋಸ್ ಕೆಲಸ ಹಂಚುವಾಗ ಎಣಿಸುವ ಘಟಕ) ಇರುವ ಯಂತ್ರದಲ್ಲಿ ಒಂದು ಪೂರ್ತಿ ದುಡಿದರೆ ಕಾಣುವುದು 12.5 ಪರ್ಸೆಂಟ್. ಅಂದರೆ ಆ 13 ಅನ್ನುವುದು "ಒಂದು ಕೋರ್ ಏದುಸಿರು ಬಿಡುತ್ತಿದೆ, ಉಳಿದವು ಖಾಲಿ ಕೂತಿವೆ" ಅನ್ನುವುದಕ್ಕೆ ಗುರುತು. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆಯ್ದುಕೊಂಡರೆ ಒಂದೊಂದನ್ನೂ ಬೇರೆಯಾಗಿ ನೋಡಬಹುದು. ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್ ಇದಕ್ಕೆ ಉಲ್ಟಾ. ಅಲ್ಲಿ ಒಂದು ಕೋರ್ ಪೂರ್ತಿ ದುಡಿದರೆ 100 ಅಂತಲೇ ತೋರಿಸುತ್ತದೆ, ಎರಡಾದರೆ 200. ಅಲ್ಲೇ ವಿಂಡೊಸರ್ವರ್ ಅನ್ನುವ ಪ್ರೊಸೆಸ್ ಮೇಲೂ ಕಣ್ಣಿಡಿ. ನೊಟೇಶನ್ ಆ್ಯಪ್‌ಗಿಂತ ಅದೇ ಹೆಚ್ಚು ತಿನ್ನುತ್ತಿದ್ದರೆ, ಹಂತ 3ರಲ್ಲಿ ಬರುವ ಸ್ಕೇಲಿಂಗ್ ಮೇಲೆ ಅನುಮಾನ ಪಡಿ.

ಹಂತ 2: ಕೇಬಲ್ ಮತ್ತು ಡಾಕ್ ನೋಡಿ

ಸಾಫ್ಟ್‌ವೇರ್‌ಗೆ ಕೈಹಾಕುವ ಮುಂಚೆ ಈ ಎರಡು ನಿಮಿಷದ ಕೆಲಸ ಮುಗಿಸಿಬಿಡಿ. ಪರದೆ 60 ಹರ್ಟ್ಸ್‌ನಲ್ಲಿ ಓಡುತ್ತಿದೆಯಾ, ಇಲ್ಲಾ 30ರಲ್ಲಾ?

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್. ಅಲ್ಲಿ ರಿಫ್ರೆಶ್ ರೇಟ್ ಕಾಣುತ್ತದೆ. 30 ಅಂತ ಇದ್ದರೆ ಪ್ರತಿ ಫ್ರೇಮ್ ನಡುವೆ 33 ಮಿಲಿಸೆಕೆಂಡ್ ಕಾಯಬೇಕು. ಎಷ್ಟೇ ಬಲಿಷ್ಠ ಕಂಪ್ಯೂಟರ್ ಆದರೂ ಮೌಸ್ ಬಾಣವೇ ಜಡವಾಗಿ ಚಲಿಸಿದಂತೆ ಅನಿಸುತ್ತದೆ. ಒಂದು ಸುಳಿವು: ನೊಟೇಶನ್ ಸಾಫ್ಟ್‌ವೇರ್ ಮುಚ್ಚಿದ ಮೇಲೂ, ಖಾಲಿ ಡೆಸ್ಕ್‌ಟಾಪ್ ಮೇಲೂ ಬಾಣ ಜಡವಾಗಿದ್ದರೆ ಇದೇ ಕಾರಣ.

ಎಚ್‌ಡಿಎಂಐ 1.4 ಕಾಲದ ಪೋರ್ಟ್‌ಗಳು 4ಕೆ ಚಿತ್ರವನ್ನು 30 ಹರ್ಟ್ಸ್‌ನಲ್ಲಷ್ಟೇ ಕಳಿಸಬಲ್ಲವು. 60 ಬೇಕಾದರೆ 2013ರಲ್ಲಿ ಬಂದ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು, ಕಂಪ್ಯೂಟರ್, ಕೇಬಲ್, ಮಾನಿಟರ್ ಮೂರರಲ್ಲೂ. ಒಂದು ಕಡೆ ಹಳೆಯದಿದ್ದರೂ ಎಲ್ಲ ಅದರ ಮಟ್ಟಕ್ಕೇ ಇಳಿಯುತ್ತವೆ. ಕೆಲವು ಮಾನಿಟರ್‌ಗಳಲ್ಲಿ ಎಚ್‌ಡಿಎಂಐ 2.0 ಮೋಡ್ ಅನ್ನು ಅದರದೇ ಮೆನುವಿನಲ್ಲಿ ಆನ್ ಮಾಡಬೇಕಾಗುತ್ತದೆ.

ಯುಎಸ್‌ಬಿ-ಸಿ ಡಾಕ್ (ಒಂದೇ ಕೇಬಲ್‌ನಿಂದ ಮಾನಿಟರ್, ಕೀಬೋರ್ಡ್ ಎಲ್ಲ ಜೋಡಿಸುವ ಪೆಟ್ಟಿಗೆ) ಬಳಸುವವರು ಇನ್ನೂ ಹುಷಾರಾಗಿರಬೇಕು. ಎಷ್ಟೋ ಡಾಕ್‌ಗಳು ಒಂದೇ ಕೇಬಲ್‌ನ ದಾರಿಗಳನ್ನು ಅರ್ಧ ಚಿತ್ರಕ್ಕೆ, ಅರ್ಧ ಡೇಟಾಕ್ಕೆ ಹಂಚುತ್ತವೆ. ಹಳೆಯ ಡಿಸ್‌ಪ್ಲೇಪೋರ್ಟ್ 1.2 ವೇಗದಲ್ಲಿ ಆ ಅರ್ಧ ದಾರಿ 4ಕೆಯನ್ನು 30 ಹರ್ಟ್ಸ್‌ಗಷ್ಟೇ ಹೊರಬಲ್ಲದು. ಡಿಸ್‌ಪ್ಲೇಲಿಂಕ್ ತಂತ್ರ ಬಳಸುವ ಡಾಕ್‌ಗಳ ಕಥೆಯೇ ಬೇರೆ. ಅವು ಪರದೆಯ ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿ ಮೂಲಕ ಕಳಿಸುತ್ತವೆ, ಆ ಕುಗ್ಗಿಸುವ ಕೆಲಸಕ್ಕೂ ಸಿಪಿಯುವೇ ದುಡಿಯಬೇಕು. ಮೊದಲೇ ಒಂದು ಕೋರ್ ಏದುಸಿರು ಬಿಡುತ್ತಿರುವಾಗ ಇದು ಗಾಯದ ಮೇಲೆ ಬರೆ. ಪರೀಕ್ಷೆಗಾದರೂ ಮಾನಿಟರನ್ನು ನೇರವಾಗಿ ಕಂಪ್ಯೂಟರ್‌ಗೆ ಚುಚ್ಚಿ ನೋಡಿ.

ಹಂತ 3: ಸ್ಕೇಲಿಂಗ್, ಹೆಚ್ಚಿನವರಿಗೆ ಪರಿಹಾರ ಸಿಗುವ ಜಾಗ

ನನ್ನ ಪ್ರಕಾರ ಹೆಚ್ಚು ಫಲ ಕೊಡುವ ಹಂತ ಇದೇ. ತತ್ವ ಸರಳ: ನೊಟೇಶನ್ ಸಾಫ್ಟ್‌ವೇರ್ ಒಂದಕ್ಕೆ ಮಾತ್ರ ಕಡಿಮೆ ಪಿಕ್ಸೆಲ್ ಕೊಡಿ, ಉಳಿದದ್ದೆಲ್ಲ ಚೂಪಾಗಿಯೇ ಇರಲಿ.

ವಿಂಡೋಸ್‌ನಲ್ಲಿ ಹೀಗೆ ಮಾಡಿ. ಸಾಫ್ಟ್‌ವೇರ್ ಮುಚ್ಚಿ. ಅದರ ಶಾರ್ಟ್‌ಕಟ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಕಂಪ್ಯಾಟಿಬಿಲಿಟಿ ಟ್ಯಾಬ್‌ನಲ್ಲಿ ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್ ಒತ್ತಿ. ಕೆಳಗಿನ ಓವರ್‌ರೈಡ್ ಪೆಟ್ಟಿಗೆಗೆ ಟಿಕ್ ಹಾಕಿ, ಪಟ್ಟಿಯಿಂದ ಸಿಸ್ಟಮ್ ಆಯ್ದುಕೊಳ್ಳಿ. ಓಕೆ ಕೊಟ್ಟು ಸಾಫ್ಟ್‌ವೇರ್ ಮತ್ತೆ ತೆರೆಯಿರಿ.

ಏನಾಯಿತು ಅಂದರೆ, ಈಗ ಆ ಸಾಫ್ಟ್‌ವೇರ್ ತಾನು ಹಳೆಯ 96 ಡಿಪಿಐ (ಇಂಚಿಗೆ 96 ಚುಕ್ಕೆ) ಪರದೆಯ ಮೇಲಿದ್ದೇನೆ ಅಂದುಕೊಂಡು ಚಿತ್ರ ಬಿಡಿಸುತ್ತದೆ. ವಿಂಡೋಸ್ ಆ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ. ನಿಮ್ಮ ಸ್ಕೇಲ್ (ಅಕ್ಷರ, ಮೆನು ಎಷ್ಟು ದೊಡ್ಡದಾಗಿ ಕಾಣಬೇಕು ಅನ್ನುವ ಡಿಸ್‌ಪ್ಲೇ ಸೆಟ್ಟಿಂಗ್) 200 ಪರ್ಸೆಂಟ್ ಇದ್ದರೆ ಸಾಫ್ಟ್‌ವೇರ್ ಪಾಲಿಗೆ ಪರದೆ 1920×1080, ಕೆಲಸ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. 150 ಇದ್ದರೆ 2560×1440, ಅರ್ಧಕ್ಕಿಂತ ಕಡಿಮೆ. ಸ್ಕೇಲ್ 100ರಲ್ಲೇ ಇದ್ದರೆ ಇದರಿಂದ ಏನೂ ಬದಲಾಗುವುದಿಲ್ಲ. "ಮಾಡಿ ನೋಡಿದೆ, ಪ್ರಯೋಜನ ಆಗಲಿಲ್ಲ" ಅನ್ನುವವರು ಮೊದಲು ಈ ಅಂಕಿ ನೋಡಿಕೊಳ್ಳಲಿ.

ಇದಕ್ಕೆ ತೆರಬೇಕಾದ ಬೆಲೆ ಮಸುಕು. ಅಕ್ಷರಗಳು ಸ್ವಲ್ಪ ಮಬ್ಬಾಗಿ ಕಾಣುತ್ತವೆ. ಪ್ರಿಂಟ್‌ಗಾಗಲೀ ಪಿಡಿಎಫ್‌ಗಾಗಲೀ ಇದರಿಂದ ಒಂದು ಕೂದಲೂ ಕೊಂಕುವುದಿಲ್ಲ, ಮಬ್ಬು ಇರುವುದು ಪರದೆಯಲ್ಲಿ ಮಾತ್ರ. ನೋಟ್ ತುಂಬುವ ದಿನಗಳಲ್ಲಿ ಹೀಗಿಟ್ಟುಕೊಂಡು, ಕೊನೆಗೆ ಸ್ಲರ್, ಡೈನಾಮಿಕ್ಸ್ ತಿದ್ದಿ ಪುಟ ಅಂದಗೊಳಿಸುವಾಗ ಟಿಕ್ ತೆಗೆದರಾಯಿತು. ಅದೇ ಪಟ್ಟಿಯಲ್ಲಿ ಸಿಸ್ಟಮ್ ಎನ್‌ಹ್ಯಾನ್ಸ್ಡ್ ಅಂತ ಇನ್ನೊಂದು ಆಯ್ಕೆ ಇದೆ. ಅಕ್ಷರಗಳನ್ನು ಚೂಪಾಗಿಡಲು ಮಾಡಿದ್ದು ಅದು, ಆದರೆ ವಿಂಡೋಸ್‌ನ ಹಳೆಯ ಜಿಡಿಐ ವಿಧಾನದಲ್ಲಿ ಬಿಡಿಸುವ ಸಾಫ್ಟ್‌ವೇರ್‌ಗಳಿಗೆ ಮಾತ್ರ ಹೊಂದುತ್ತದೆ. ಮೆನು, ಪ್ಯಾಲೆಟ್ ಚೆಲ್ಲಾಪಿಲ್ಲಿಯಾಗಿ ಕಂಡರೆ ಸೀದಾ ಸಿಸ್ಟಮ್‌ಗೆ ಮರಳಿ.

ಮ್ಯಾಕ್‌ನಲ್ಲಿ ಒಂದು ವಿಚಿತ್ರ ಇದೆ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. 4ಕೆ ಮಾನಿಟರ್ ಜೋಡಿಸಿ, ಅಕ್ಷರ ತೀರಾ ದೊಡ್ಡದಾಯಿತು ಅಂತ ಡಿಸ್‌ಪ್ಲೇಸ್‌ನಲ್ಲಿ 2560×1440ರ ಹಾಗೆ ಕಾಣುವ ಆಯ್ಕೆ ಒತ್ತುತ್ತೇವೆ ಅಲ್ವಾ? ಕಡಿಮೆ ಅಂಕಿ ಆಯ್ದಿದ್ದೇವೆ, ಕೆಲಸವೂ ಕಡಿಮೆಯಾಗಿರಬೇಕು ಅಂತ ಅನಿಸುತ್ತದೆ. ಆಗುವುದು ಬೇರೆ. ಮ್ಯಾಕ್ ಒಳಗೊಳಗೆ ಅದರ ಎರಡು ಪಟ್ಟು ಅಗಲ, ಎರಡು ಪಟ್ಟು ಎತ್ತರದ ಚಿತ್ರ ಬಿಡಿಸುತ್ತದೆ, ಅಂದರೆ 5120×2880. ಆಮೇಲೆ ಅದನ್ನು ಕುಗ್ಗಿಸಿ 3840×2160ರ ಪರದೆಗೆ ಹಾಕುತ್ತದೆ. ನೀವು ಕೊಂಡಿದ್ದು 4ಕೆ ಪರದೆ, ಸಾಫ್ಟ್‌ವೇರ್ ದುಡಿಯುತ್ತಿರುವುದು 5ಕೆ ಪರದೆಗೆ. ಸುಮಾರು 78 ಪರ್ಸೆಂಟ್ ಹೆಚ್ಚು ಪಿಕ್ಸೆಲ್, ಮೇಲೆ ಕುಗ್ಗಿಸುವ ಕೆಲಸ ಬೇರೆ. 1920×1080ರ ಹಾಗೆ ಕಾಣುವ ಆಯ್ಕೆ ಒತ್ತಿದರೆ ಒಳಗಿನ ಚಿತ್ರವೂ ಪರದೆಯೂ ಸರಿಯಾಗಿ ಹೊಂದುತ್ತವೆ. ಅಕ್ಷರ ದೊಡ್ಡದಾಗುತ್ತದೆ ನಿಜ, ಆದರೆ ಸ್ಕೋರ್‌ನ ಜೂಮ್ ಇಳಿಸಿಕೊಂಡರೆ ಜಾಗದ ಕೊರತೆ ಅಷ್ಟಾಗಿ ಕಾಡುವುದಿಲ್ಲ.

ಇನ್ನೂ ಸಾಲದಿದ್ದರೆ ಡಿಸ್‌ಪ್ಲೇಸ್‌ನಲ್ಲಿ ಎಲ್ಲ ರೆಸಲ್ಯೂಶನ್ ತೋರಿಸುವ ಆಯ್ಕೆ ಆನ್ ಮಾಡಿ, ಲೋ ರೆಸಲ್ಯೂಶನ್ ಅಂತ ಬರೆದಿರುವ ಸಾಲುಗಳಲ್ಲಿ ಒಂದನ್ನು ಆರಿಸಿ. ಇದು ಇಡೀ ಪರದೆಗೆ ಅನ್ವಯಿಸುತ್ತದೆ. ಕೆಲವು ಮ್ಯಾಕ್‌ಗಳಲ್ಲಿ, ಕೆಲವು ಆ್ಯಪ್‌ಗಳಿಗೆ ಗೆಟ್ ಇನ್ಫೊ ವಿಂಡೊದಲ್ಲಿ ಓಪನ್ ಇನ್ ಲೋ ರೆಸಲ್ಯೂಶನ್ ಅನ್ನುವ ಪೆಟ್ಟಿಗೆ ಇರುತ್ತದೆ. ನಿಮ್ಮಲ್ಲಿ ಅದು ಕಂಡರೆ ಅದೃಷ್ಟ, ಆ ಒಂದು ಆ್ಯಪ್‌ಗೆ ಮಾತ್ರ ಕಡಿಮೆ ಪಿಕ್ಸೆಲ್ ಕೊಡಬಹುದು.

ಲಿನಕ್ಸ್‌ನಲ್ಲೂ 125, 150 ಪರ್ಸೆಂಟ್ ಥರದ ಸ್ಕೇಲ್ ಇಟ್ಟರೆ ಅನೇಕ ಸಲ ಇದೇ ದೊಡ್ಡದು ಮಾಡಿ ಕುಗ್ಗಿಸುವ ಆಟ ನಡೆಯುತ್ತದೆ. 100 ಅಥವಾ 200 ಇಡಿ, ಅಕ್ಷರದ ಗಾತ್ರ ಮಾತ್ರ ಬೇರೆಯಾಗಿ ಹೊಂದಿಸಿಕೊಳ್ಳಿ.

ಎರಡು ಮಾನಿಟರ್ ಇರುವವರಿಗೆ ಒಂದು ಕಿವಿಮಾತು. ಒಂದು 4ಕೆ, ಇನ್ನೊಂದು ಹಳೆಯ ಎಚ್‌ಡಿ ಆಗಿದ್ದು ಎರಡರ ಸ್ಕೇಲ್ ಬೇರೆಯಿದ್ದರೆ, ವಿಂಡೊ ಎರಡರ ಮೇಲೂ ಚಾಚಿಕೊಂಡಿರಲು ಬಿಡಬೇಡಿ. ಸ್ಕೋರ್ ಎಚ್‌ಡಿ ಪರದೆಯಲ್ಲಿ, ಮಿಕ್ಸರ್, ಬ್ರೌಸರ್ ಇತ್ಯಾದಿ 4ಕೆ ಪರದೆಯಲ್ಲಿ ಇಟ್ಟರೆ ಏನಾಗುತ್ತದೆ ನೋಡಿ. ನೋಡಲು ತಲೆಕೆಳಗು ಅನಿಸಿದರೂ ಕೆಲಸ ಮಾತ್ರ ಓಡುತ್ತದೆ.

ಹಂತ 4: ಸಾಫ್ಟ್‌ವೇರ್ ಒಳಗೆ ಏನೇನು ಇಳಿಸಬಹುದು

ಮೊದಲ ಗುರಿ ಕಾಗದದ ವಿನ್ಯಾಸ. ಸ್ಕೋರ್ ಹಿಂದೆ ಕಾಗದದ ನಾರು, ಮರದ ಮೇಜು ಕಾಣುವಂತೆ ಹಾಕಿರುವ ಚಿತ್ರಗಳು ಚೆನ್ನಾಗೇನೋ ಇರುತ್ತವೆ. ಆದರೆ ಪುಟ ಸರಿದಾಗಲೆಲ್ಲ ಅವನ್ನೂ ಮತ್ತೆ ಬಿಡಿಸಬೇಕು. ಸಿಬೆಲಿಯಸ್‌ನಲ್ಲಿ ಪ್ರಿಫರೆನ್ಸಸ್ ಒಳಗೆ ಟೆಕ್ಸ್ಚರ್ಸ್, ಮ್ಯೂಸ್‌ಸ್ಕೋರ್ 4ರಲ್ಲಿ ಪ್ರಿಫರೆನ್ಸಸ್ ಒಳಗೆ ಅಪಿಯರೆನ್ಸ್. ಎರಡರಲ್ಲೂ ಚಿತ್ರದ ಬದಲು ಬರೀ ಬಣ್ಣ ಆರಿಸಿ. ಕಾಗದಕ್ಕೂ, ಹಿನ್ನೆಲೆಗೂ.

ಮ್ಯೂಸ್‌ಸ್ಕೋರ್ 3 ಬಳಸುವವರಿಗೆ ಇನ್ನೊಂದು ಅನುಕೂಲ ಇದೆ. ಪ್ರಿಫರೆನ್ಸಸ್‌ನ ಕ್ಯಾನ್ವಾಸ್ ಪುಟದಲ್ಲಿ ಡ್ರಾ ಆ್ಯಂಟಿಏಲಿಯಾಸ್ಡ್ ಅನ್ನುವ ಟಿಕ್ ತೆಗೆಯಿರಿ. ಹಳೆಯ ಪರದೆಯಲ್ಲಿ ಇದನ್ನು ತೆಗೆದರೆ ಸ್ಲರ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಅಸಹ್ಯ ಕಾಣುತ್ತಿದ್ದವು. 27 ಇಂಚಿನ 4ಕೆ ಪರದೆಯಲ್ಲಿ ಇಂಚಿಗೆ 163 ಪಿಕ್ಸೆಲ್ ಇರುತ್ತವೆ, 24 ಇಂಚಿನ ಎಚ್‌ಡಿಯಲ್ಲಿ 92. ಪಿಕ್ಸೆಲ್ ಅಷ್ಟು ಚಿಕ್ಕದಾದಾಗ ಮೆಟ್ಟಿಲು ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಹಾಗಾಗಿ ಚೂಪು ಪರದೆಯಲ್ಲಿ ಈ ನಷ್ಟ ಒಪ್ಪಿಕೊಳ್ಳುವಂಥದ್ದೇ.

ಆಮೇಲೆ ತೆರೆದಿಟ್ಟ ಪ್ಯಾನೆಲ್‌ಗಳು. ದೊಡ್ಡ ಪರದೆ ಇದೆ ಅಂತ ನ್ಯಾವಿಗೇಟರ್, ಟೈಮ್‌ಲೈನ್, ಮಿಕ್ಸರ್, ಪಿಯಾನೊ ಕೀಬೋರ್ಡ್ ಎಲ್ಲ ಹರಡಿಕೊಂಡು ಕೂರುತ್ತೇವೆ. ನ್ಯಾವಿಗೇಟರ್ ಅಂದರೆ ಇಡೀ ಸ್ಕೋರ್‌ನ ಇನ್ನೊಂದು ಚಿಕ್ಕ ಪ್ರತಿ, ಅದೂ ನೋಟ್ ಬದಲಾದಾಗ ಬದಲಾಗಬೇಕು. ಮಿಕ್ಸರ್‌ನ ಮೀಟರ್‌ಗಳು ಪ್ಲೇ ಆಗುವಾಗ ಬಿಡುವಿಲ್ಲದೆ ಕುಣಿಯುತ್ತವೆ. ಸದ್ಯಕ್ಕೆ ಬೇಡದ್ದನ್ನು ಮುಚ್ಚಿಬಿಡಿ. ಪ್ಲೇ ಮಾಡುವಾಗ ಪುಟ ತಾನಾಗಿ ಸರಿಯುವ ಆಯ್ಕೆಯನ್ನೂ ನಿಲ್ಲಿಸಿ ನೋಡಿ. ಕುಪ್ಪಳಿಸುವ ಕರ್ಸರ್‌ಗೆ ಎಷ್ಟೋ ಸಲ ಇಷ್ಟೇ ಸಾಕು.

ಜೂಮ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ದೂರದಿಂದ ನೋಡಿದರೆ ಎಲ್ಲ ಚಿಕ್ಕದಾಗಿರುತ್ತದೆ, ಹಾಗಾಗಿ ಹಗುರ ಅಂತ. ಪರದೆಯ ಮೇಲೆ ನಾಲ್ಕು ಪುಟ ಒಟ್ಟಿಗೆ ಬಂದರೆ ನಾಲ್ಕು ಪುಟದ ಚಿಹ್ನೆಗಳನ್ನೂ ಬಿಡಿಸಲೇಬೇಕು. ಒಂದೇ ಪುಟದ ಅರ್ಧ ಮಾತ್ರ ಕಾಣುವಷ್ಟು ಹತ್ತಿರ ಇಟ್ಟುಕೊಂಡರೆ ಸಾಮಾನ್ಯವಾಗಿ ಹಗುರ.

ಸ್ಕೋರ್‌ನೊಳಗೆ ಲೋಗೊ, ಸ್ಕ್ಯಾನ್ ಮಾಡಿದ ಹಸ್ತಪ್ರತಿ ಏನಾದರೂ ಇದೆಯಾ? ಹೆಚ್ಚು ರೆಸಲ್ಯೂಶನ್ ಇರುವ ಒಂದೇ ಒಂದು ಚಿತ್ರ ಇಡೀ ಮೊದಲ ಪುಟವನ್ನು ಜಗ್ಗಬಲ್ಲದು. ಬೇರೆ ಪುಟಗಳು ಚುರುಕಾಗಿದ್ದು ಒಂದೇ ಪುಟ ತೆವಳುತ್ತಿದ್ದರೆ ಅಲ್ಲೇ ಹುಡುಕಿ.

ಹಂತ 5: ಗ್ರಾಫಿಕ್ಸ್ ಚಿಪ್, ಡ್ರೈವರ್, ಪವರ್

ಇದು ಬೇಗ ಮುಗಿಯುವ ಹಂತ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ಆದರೆ, ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ತೆರೆಯಿರಿ. ನೊಟೇಶನ್ ಸಾಫ್ಟ್‌ವೇರನ್ನು ಪಟ್ಟಿಗೆ ಸೇರಿಸಿ ಹೈ ಪರ್ಫಾರ್ಮೆನ್ಸ್ ಆಯ್ದುಕೊಳ್ಳಿ. ಡ್ರೈವರ್ ಹೊಸದಾಗಿರಲಿ. ಚಾರ್ಜರ್ ಚುಚ್ಚಿರಲಿ. ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್‌ನಲ್ಲಿರಲಿ, ಮ್ಯಾಕ್‌ನಲ್ಲಿ ಲೋ ಪವರ್ ಮೋಡ್ ಆಫ್ ಆಗಿರಲಿ. ಒಂದೇ ಕೋರ್ ಮೇಲೆ ಭಾರ ಬೀಳುವ ಕೆಲಸಕ್ಕೆ ಆ ಕೋರ್‌ನ ವೇಗವೇ ಮುಖ್ಯ, ಬ್ಯಾಟರಿ ಉಳಿಸುವ ಮೋಡ್ ಅದನ್ನೇ ಇಳಿಸುತ್ತದೆ.

ಸಿಪಿಯು ಜೊತೆಗೇ ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ರ‍್ಯಾಮ್ ಒಂದೇ ಕಡ್ಡಿ ಇದೆಯಾ ನೋಡಿ. ಅಂಥ ಚಿಪ್‌ಗೆ ಸ್ವಂತ ಮೆಮೊರಿ ಇಲ್ಲ, ಕಂಪ್ಯೂಟರ್‌ನದನ್ನೇ ಹಂಚಿಕೊಳ್ಳುತ್ತದೆ. ಒಂದರ ಬದಲು ಎರಡು ಕಡ್ಡಿ ಹಾಕಿದರೆ ಡೇಟಾ ಓಡಾಡುವ ದಾರಿ ಎರಡು ಪಟ್ಟು ಅಗಲವಾಗುತ್ತದೆ.

ಹಂತ 6: ಚಿಕ್ಕ ವಿಂಡೊದಲ್ಲೂ ನಿಧಾನವಾಗಿದ್ದರೆ

ಈಗ ಲೇಔಟ್. ನೋಟ್ ಸೇರಿಸಿದಾಗಲೆಲ್ಲ ಸಾಫ್ಟ್‌ವೇರ್ ಅಂತರ ಲೆಕ್ಕ ಹಾಕುತ್ತದೆ, ಡಿಕ್ಕಿ ತಪ್ಪಿಸುತ್ತದೆ, ಸಾಲು ಮುರಿಯುತ್ತದೆ, ಪುಟ ಮುರಿಯುತ್ತದೆ. ಸ್ಕೋರ್ ಉದ್ದವಾದಷ್ಟೂ ಈ ಸರಪಳಿ ಉದ್ದ.

ನೋಟ್ ತುಂಬುವಾಗ ಪುಟದ ಯೋಚನೆ ಬೇಕಿಲ್ಲ. ಸಿಬೆಲಿಯಸ್‌ನ ಪನೋರಮಾ, ಡೊರಿಕೊದ ಗ್ಯಾಲಿ ವ್ಯೂ, ಫಿನಾಲೆಯ ಸ್ಕ್ರೋಲ್ ವ್ಯೂ, ಮ್ಯೂಸ್‌ಸ್ಕೋರ್‌ನ ಕಂಟಿನ್ಯುಯಸ್ ವ್ಯೂ ಎಲ್ಲವೂ ಸ್ಕೋರನ್ನು ಒಂದೇ ಉದ್ದ ಸಾಲಾಗಿ ತೋರಿಸುತ್ತವೆ. ಪುಟ ಮುರಿಯುವ ಕೆಲಸ ಅಲ್ಲಿ ಇರುವುದಿಲ್ಲ. ಇದು ಎಲ್ಲರಿಗೂ ವೇಗ ತಂದುಕೊಡುತ್ತದೆ ಅಂತ ಮಾತ್ರ ಹೇಳಲಾರೆ. ತುಂಬಾ ಉದ್ದದ ಸ್ಕೋರ್‌ನಲ್ಲಿ ಆ ಒಂದೇ ಸಾಲೇ ಭಾರವಾಗಬಹುದು. ಎರಡೂ ಬಗೆಯಲ್ಲಿ ಹತ್ತು ನೋಟ್ ಹಾಕಿ ಹೋಲಿಸಿ.

ಸಿಬೆಲಿಯಸ್‌ನಲ್ಲಿ ಡಿಕ್ಕಿ ತಪ್ಪಿಸುವ ಕೆಲಸ ಮಾಡುವುದು ಮ್ಯಾಗ್ನೆಟಿಕ್ ಲೇಔಟ್. ದೊಡ್ಡ ಸ್ಕೋರ್‌ಗೆ ನೋಟ್ ತುಂಬುವಾಗ ಲೇಔಟ್ ಟ್ಯಾಬ್‌ನಲ್ಲಿ ಅದನ್ನು ಆಫ್ ಮಾಡಿ, ಕೊನೆಗೆ ಆನ್ ಮಾಡಿ. ನಡುವೆ ಡೈನಾಮಿಕ್ಸ್ ನೋಟ್ ಮೇಲೆ ಏರಿ ಕೂತಿದ್ದರೆ ಗಾಬರಿ ಬೇಡ, ಆನ್ ಮಾಡಿದ ಕೂಡಲೇ ಜಾಗ ಬಿಡುತ್ತವೆ.

ಕಾಣುವ ಸ್ಟಾಫ್‌ಗಳನ್ನು ಕಡಿಮೆ ಮಾಡುವುದು ಚಿತ್ರಕ್ಕೂ ಲೇಔಟ್‌ಗೂ ಒಟ್ಟಿಗೆ ಕೆಲಸ ಮಾಡುವ ಉಪಾಯ. ಸ್ಟ್ರಿಂಗ್ಸ್ (ತಂತಿ ವಾದ್ಯಗಳ ಭಾಗ) ಬರೆಯುತ್ತಿದ್ದರೆ ಐದು ಸ್ಟಾಫ್ ಸಾಕು, ಬ್ರಾಸ್ (ಹಿತ್ತಾಳೆ ವಾದ್ಯಗಳ ಭಾಗ) ಯಾಕೆ ತೆರೆದಿರಬೇಕು? ಸಿಬೆಲಿಯಸ್‌ನಲ್ಲಿ ಫೋಕಸ್ ಆನ್ ಸ್ಟೇವ್ಸ್ ಇದೆ. ಮ್ಯೂಸ್‌ಸ್ಕೋರ್ 4ರ ಇನ್‌ಸ್ಟ್ರುಮೆಂಟ್ಸ್ ಪ್ಯಾನೆಲ್‌ನಲ್ಲಿ ಕಣ್ಣಿನ ಗುರುತು ಒತ್ತಿದರೆ ಆ ವಾದ್ಯ ಮರೆಯಾಗುತ್ತದೆ. ಡೊರಿಕೊದಲ್ಲಿ ಬೇಕಾದ ವಾದ್ಯಗಳನ್ನಷ್ಟೇ ಇಟ್ಟುಕೊಂಡು ಒಂದು ಹೊಸ ಲೇಔಟ್ ಮಾಡಿಕೊಳ್ಳಬಹುದು. ನಾಲ್ಕು ಮೂವ್‌ಮೆಂಟ್‌ನ (ಬಿಡಿ ಭಾಗಗಳ) ಕೃತಿಯಾದರೆ ನಾಲ್ಕು ಬೇರೆ ಫೈಲ್ ಮಾಡಿ, ಮುಗಿದ ಮೇಲೆ ಪಿಡಿಎಫ್‌ಗಳನ್ನು ಜೋಡಿಸಿ.

ಹಂತ 7: ಸದ್ದಿನ ಭಾರ

ಒಳ್ಳೆಯ ವಾದ್ಯದ ಸದ್ದುಗಳು ಜಿಬಿಗಟ್ಟಲೆ ಮೆಮೊರಿ ನುಂಗುತ್ತವೆ. ಮೆಮೊರಿ ತುಂಬಿ ಡಿಸ್ಕ್‌ಗೆ ಕೈಚಾಚುವ ಸ್ಥಿತಿ ಬಂದರೆ ಪರದೆ, ಲೇಔಟ್ ಎಲ್ಲವೂ ಒಟ್ಟಿಗೆ ತೆವಳುತ್ತವೆ. ಪರೀಕ್ಷೆ ಮಾಡಲು ಹಗುರ ಸದ್ದಿಗೆ ಬದಲಿಸಿ. ಮ್ಯೂಸ್‌ಸ್ಕೋರ್ 4ರ ಮಿಕ್ಸರ್‌ನಲ್ಲಿ ಮ್ಯೂಸ್ ಸೌಂಡ್ಸ್ ಬದಲು ಎಂಎಸ್ ಬೇಸಿಕ್, ಡೊರಿಕೊದ ಪ್ಲೇಬ್ಯಾಕ್ ಟೆಂಪ್ಲೇಟ್‌ಗಳಲ್ಲಿ ಸೈಲೆನ್ಸ್. ಚುರುಕಾದರೆ ಕಳ್ಳ ಸಿಕ್ಕಿದ.

ನೋಟ್ ಕಣ್ಣಿಗೆ ತಕ್ಷಣ ಕಂಡು, ಕಿವಿಗೆ ಮಾತ್ರ ತಡವಾದರೆ ಆಡಿಯೊ ಬಫರ್ (ಸದ್ದು ಹೊರಬೀಳುವ ಮುಂಚೆ ಕೂಡಿಟ್ಟುಕೊಳ್ಳುವ ಜಾಗ) ನೋಡಿ. 44.1 ಕಿಲೊಹರ್ಟ್ಸ್‌ನಲ್ಲಿ 512 ಸ್ಯಾಂಪಲ್‌ನ ಬಫರ್ ಅಂದರೆ ಸುಮಾರು 11.6 ಮಿಲಿಸೆಕೆಂಡ್, 2048 ಅಂದರೆ 46. ಕಡಿಮೆ ಮಾಡಿದರೆ ತಡ ಕಡಿಮೆಯಾಗುತ್ತದೆ, ತೀರಾ ಇಳಿಸಿದರೆ ಸದ್ದು ಪಟಪಟ ಅಂತ ಒಡೆಯುತ್ತದೆ. ಅದಕ್ಕೂ ಪರದೆಗೂ ಸಂಬಂಧ ಇಲ್ಲ.

ಇಷ್ಟಾದರೂ ಸರಿಹೋಗದಿದ್ದರೆ

ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಂದಿದೆಯಾ ನೋಡಿ. ಚಿತ್ರ ಬಿಡಿಸುವ ವಿಧಾನ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಿರುತ್ತದೆ. ಫಿನಾಲೆ ಬಳಸುವವರು ಮಾತ್ರ ಇದಕ್ಕೆ ಕಾಯಬೇಕಿಲ್ಲ. 2024ರ ಆಗಸ್ಟ್‌ನಲ್ಲೇ ಅದರ ಅಭಿವೃದ್ಧಿ ನಿಲ್ಲಿಸುವುದಾಗಿ ಮೇಕ್‌ಮ್ಯೂಸಿಕ್ ಘೋಷಿಸಿತು. ಅವರಿಗೆ ಹಂತ 3ರ ಉಪಾಯಗಳೇ ಗತಿ.

ಹೊಸ ಯಂತ್ರ ಕೊಳ್ಳಲೇಬೇಕು ಅಂತಾದರೆ ಕೋರ್‌ಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಒಂದು ಕೋರ್ ಎಷ್ಟು ವೇಗ ಅನ್ನುವುದನ್ನು ಹೋಲಿಸಿ. ದುಬಾರಿ ಗೇಮಿಂಗ್ ಕಾರ್ಡ್‌ಗಿಂತ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಮಾನಿಟರ್ ಇನ್ನೂ ಕೊಂಡಿಲ್ಲದಿದ್ದರೆ 27 ಇಂಚಿನ 2560×1440 ಪರದೆಯನ್ನೂ ಪಟ್ಟಿಯಲ್ಲಿಡಿ. ಎಚ್‌ಡಿಗಿಂತ ಸುಮಾರು 1.8 ಪಟ್ಟು ಪಿಕ್ಸೆಲ್, 4ಕೆಯ ಅರ್ಧಕ್ಕಿಂತ ಕಡಿಮೆ.

ತಯಾರಕರಿಗೆ ದೂರು ಬರೆಯುವುದಾದರೆ "ತುಂಬಾ ಸ್ಲೋ ಇದೆ" ಅಂತ ಬರೆದರೆ ಅವರಿಗೂ ಏನೂ ಗೊತ್ತಾಗುವುದಿಲ್ಲ. ಪರದೆಯ ರೆಸಲ್ಯೂಶನ್, ಸ್ಕೇಲ್ ಪರ್ಸೆಂಟ್, ರಿಫ್ರೆಶ್ ರೇಟ್, ಗ್ರಾಫಿಕ್ಸ್ ಚಿಪ್ ಮತ್ತು ಡ್ರೈವರ್, ಸಾಫ್ಟ್‌ವೇರ್ ಆವೃತ್ತಿ, ಸ್ಟಾಫ್ ಮತ್ತು ಪುಟಗಳ ಸಂಖ್ಯೆ ಬರೆಯಿರಿ. ವಿಂಡೊ ಚಿಕ್ಕದು ಮಾಡಿದಾಗ ಏನಾಯಿತು ಅನ್ನುವುದನ್ನು ಮೊದಲ ಸಾಲಿನಲ್ಲೇ ಹೇಳಿ. ಸಾಧ್ಯವಾದರೆ ಫೈಲನ್ನೂ ಜೊತೆಗೆ ಕಳಿಸಿ. ಪೂರ್ತಿ ಕೃತಿ ಕೊಡಲು ಮನಸ್ಸಿಲ್ಲದಿದ್ದರೆ ಅದೇ ಸಂಖ್ಯೆಯ ಸ್ಟಾಫ್ ಇಟ್ಟು, ಬಾಯಿಗೆ ಬಂದ ನೋಟ್ ತುಂಬಿ ಒಂದು ಹೊಸ ಫೈಲ್ ಮಾಡಿ. ಅದೂ ತೆವಳಿದರೆ ಅದನ್ನೇ ಕಳಿಸಿ.